ಹನ್ನೆರಡು ಮೈಲಿ ದಾಟಿದ ಮೇಲೆ ಪೋಕರ್

ಕ್ಯಾಸಿನೊ ಚಿಪ್ ಎಂದರೆ ಸುಮಾರು 39 ಮಿಲಿಮೀಟರ್ ಅಗಲದ, ಹತ್ತು ಗ್ರಾಂ ಆಸುಪಾಸು ತೂಗುವ ದುಂಡು ಬಿಲ್ಲೆ. ಮನೆಯಾಟಕ್ಕೆಂದು ಡಬ್ಬಿಯಲ್ಲಿ ಮಾರುವ ಪ್ಲಾಸ್ಟಿಕ್ ಬಿಲ್ಲೆಗಳು ಒಳಗೆ ಲೋಹದ ತುಂಡಿಟ್ಟುಕೊಂಡು ಇದಕ್ಕಿಂತ ಭಾರವಾಗಿಯೇ ಇರುತ್ತವೆ. ಹಾಗಾಗಿ ಅಸಲಿ ಚಿಪ್ಪನ್ನು ತೂಕದಿಂದ ಗುರುತಿಸುವುದಕ್ಕಿಂತ ಅಂಚಿನಿಂದ ಗುರುತಿಸುವುದು ಸುಲಭ. ಜೇಡಿಮಣ್ಣು ಬೆರೆತ ಮಿಶ್ರಣವನ್ನು ಅಚ್ಚಿನಲ್ಲಿ ಒತ್ತುವಾಗಲೇ ಬೇರೆ ಬಣ್ಣದ ತುಣುಕುಗಳನ್ನು ಅಂಚಿಗೆ ಕೂರಿಸಿರುತ್ತಾರೆ. ಇಪ್ಪತ್ತು ಚಿಪ್‌ಗಳನ್ನು ಒಂದರ ಮೇಲೊಂದು ಪೇರಿಸಿ ಪಕ್ಕದಿಂದ ನೋಡಿದರೆ ಬಣ್ಣದ ಗುರುತುಗಳು ಸಾಲಾಗಿ ಕಾಣುತ್ತವೆ. ನಡುವೆ ಬೇರೆ ಬೆಲೆಯ ಒಂದೇ ಒಂದು ಚಿಪ್ ಸೇರಿಕೊಂಡಿದ್ದರೂ ಆ ಸಾಲು ಅಲ್ಲಿ ಕೆಡುತ್ತದೆ. ಚಾವಣಿಯ ಕ್ಯಾಮೆರಾದ ಮುಂದೆ ಕೂತವರು ಹುಡುಕುವುದು ಅದನ್ನೇ. ಹೆಚ್ಚು ಬೆಲೆಯ ಚಿಪ್‌ಗಳಲ್ಲಿ ನೇರಳಾತೀತ ಬೆಳಕಿಗೆ ಮಾತ್ರ ಕಾಣುವ ಮುದ್ರೆ ಇರುತ್ತದೆ. ಕೆಲವದರ ಹೊಟ್ಟೆಯೊಳಗೆ ರೇಡಿಯೊ ಅಲೆಗಳಿಗೆ ಸ್ಪಂದಿಸಿ ತನ್ನ ಸಂಖ್ಯೆ ಹೇಳುವ ಸಣ್ಣ ಸುರುಳಿಯೂ ಇರುತ್ತದೆ. ಬಣ್ಣಕ್ಕೆ ಅಮೆರಿಕದಲ್ಲಿ ಒಂದು ರೂಢಿ ಬೆಳೆದಿದೆ: ಕೆಂಪು 5 ಡಾಲರ್, ಹಸಿರು 25, ಕಪ್ಪು 100, ನೇರಳೆ 500. ಒಂದು ಡಾಲರಿನದು ಸಾಮಾನ್ಯವಾಗಿ ಬಿಳಿ. ಡಾಲರಿನಲ್ಲಿ ವ್ಯವಹರಿಸುವ ಪ್ರವಾಸಿ ಹಡಗುಗಳ ಕ್ಯಾಸಿನೊಗಳೂ ಬಹುಮಟ್ಟಿಗೆ ಈ ರೂಢಿಯನ್ನೇ ಪಾಲಿಸುತ್ತವೆ.

ನೋಟು ಬಿಟ್ಟು ಬಿಲ್ಲೆಯಲ್ಲೇ ಆಡಿಸುವುದಕ್ಕೆ ಮೊದಲ ಕಾರಣ ಎಣಿಕೆ. ಮೇಜಿನ ಬಳಿ ಚಿಪ್ಸ್ ಕೊಳ್ಳುವವರನ್ನು ಗಮನಿಸಿದರೆ ಇದು ತಿಳಿಯುತ್ತದೆ. ಡೀಲರ್ ನೋಟನ್ನು ಕೈಯಿಂದ ಕೈಗೆ ಪಡೆಯುವುದಿಲ್ಲ; ಗಿರಾಕಿ ಅದನ್ನು ಮೇಜಿನ ಮೇಲೆ ಇಡಬೇಕು. ಡೀಲರ್ ನೋಟುಗಳನ್ನು ಒಂದೊಂದಾಗಿ ಹರಡಿ, ಮೊತ್ತವನ್ನು ಗಟ್ಟಿಯಾಗಿ ಹೇಳಿ, ಹಿಂದೆ ನಿಂತ ಮೇಲ್ವಿಚಾರಕರ ಒಪ್ಪಿಗೆಗೆ ಒಂದು ಕ್ಷಣ ಕಾಯುತ್ತಾರೆ. ಆಮೇಲೆ ತಟ್ಟೆಯಿಂದ ಚಿಪ್‌ಗಳನ್ನು ತೆಗೆದು ಐದೈದರ ಗುಂಪು ಮಾಡಿ, ಒಂದು ಗುಂಪನ್ನು ಬಿಡಿಸಿ ಹರಡಿ ತೋರಿಸಿ, ಮುಂದಕ್ಕೆ ತಳ್ಳುತ್ತಾರೆ. ನೋಟುಗಳು ಮೇಜಿನ ಸೀಳಿನಿಂದ ಕೆಳಗಿನ ಬೀಗ ಹಾಕಿದ ಪೆಟ್ಟಿಗೆಗೆ ಇಳಿಯುತ್ತವೆ. ಆ ಪೆಟ್ಟಿಗೆಯನ್ನು ತೆರೆಯುವ ಅಧಿಕಾರ ಡೀಲರ್‌ಗೂ ಇಲ್ಲ, ಮೇಲ್ವಿಚಾರಕರಿಗೂ ಇಲ್ಲ. ಪಾಳಿ ಮುಗಿಸಿ ಏಳುವ ಡೀಲರ್ ಎರಡೂ ಅಂಗೈಗಳನ್ನು ಒಮ್ಮೆ ತಟ್ಟಿ, ಮೇಲೆ ಕೆಳಗೆ ತಿರುಗಿಸಿ ತೋರಿಸುವುದು ಶಿಷ್ಟಾಚಾರವೆಂದು ಹೊಸಬರು ತಿಳಿಯುತ್ತಾರೆ. ಅದು ಕ್ಯಾಮೆರಾಕ್ಕೆ ಕೊಡುವ ಲೆಕ್ಕ.

ಎರಡನೆಯ ಕಾರಣವನ್ನು ಯಾವ ಕ್ಯಾಸಿನೊವೂ ಫಲಕ ಬರೆದು ಹಾಕುವುದಿಲ್ಲ. ನೂರರ ನೋಟನ್ನು ಕೈಬಿಡುವಾಗ ಆಗುವ ಸಂಕಟ ಒಂದು ಕಪ್ಪು ಬಿಲ್ಲೆಯನ್ನು ತಳ್ಳುವಾಗ ಆಗುವುದಿಲ್ಲ. ದರ್ಶಿನಿಯ ಟೋಕನ್ ಕೈಗೆ ಬಂದ ಮೇಲೆ ದೋಸೆಯ ಬೆಲೆ ಯಾರ ತಲೆಯಲ್ಲೂ ಉಳಿಯುವುದಿಲ್ಲವಲ್ಲ, ಹಾಗೆ. ವ್ಯತ್ಯಾಸವೆಂದರೆ ಇಲ್ಲಿ ದೋಸೆ ಬಂದೇ ಬರುತ್ತದೆಂಬ ಖಾತರಿ ಇಲ್ಲ.

ಎಲ್ಲ ಬಿಲ್ಲೆಗೂ ಬೆಲೆ ಇರುತ್ತದೆ ಎಂದೂ ಅಲ್ಲ. ರೂಲೆಟ್ ಮೇಜಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಬಣ್ಣ ಕೊಡುತ್ತಾರೆ. ಯಾರ ಪಣ ಯಾವುದೆಂದು ತಿಳಿಯಲಷ್ಟೇ ಆ ಬಣ್ಣ. ಅವನ್ನು ಬೇರೆ ಮೇಜಿಗೆ ಒಯ್ದರೆ ಕವಡೆ ಕಾಸಿನ ಬೆಲೆಯಿಲ್ಲ. ಪೋಕರ್ ಪಂದ್ಯಾವಳಿಯ ಚಿಪ್‌ಗಳ ಮೇಲೆ 5,000, 25,000 ಎಂದು ಮುದ್ರಿಸಿದ್ದರೂ ಅವು ಬರೀ ಅಂಕಗಳು. ನೂರು ಡಾಲರ್ ಶುಲ್ಕ ಕಟ್ಟಿದವರಿಗೂ ಹತ್ತು ಸಾವಿರದ ಚಿಪ್ಸ್ ಸಿಗುವುದುಂಟು. ಅವನ್ನು ನಗದು ಕೌಂಟರಿಗೆ ಒಯ್ದು ಬದಲಿಸಿಕೊಳ್ಳಲಾಗದು. ಆದರೂ ಅವುಗಳ ಖೋಟಾ ತಯಾರಾಗಿದೆ. 2014ರ ಜನವರಿಯಲ್ಲಿ ಅಮೆರಿಕದ ಅಟ್ಲಾಂಟಿಕ್ ಸಿಟಿಯ ಬೊರ್ಗಾಟಾ ಕ್ಯಾಸಿನೊದ ಪಂದ್ಯವೊಂದಕ್ಕೆ ಒಬ್ಬ ಆಟಗಾರ ನಕಲಿ ಚಿಪ್‌ಗಳನ್ನು ಸೇರಿಸಿದ. ಸಿಕ್ಕಿಬೀಳುವ ಭಯದಲ್ಲಿ ಉಳಿದವನ್ನು ತಾನಿಳಿದಿದ್ದ ಹೋಟೆಲಿನ ಕಕ್ಕಸಿಗೆ ಸುರಿದು ನೀರು ಬಿಟ್ಟ. ಕೊಳವೆ ಕಟ್ಟಿಕೊಂಡು ನೀರು ಸೋರಿತು, ಪಂದ್ಯ ರದ್ದಾಯಿತು.

ಇದಿಷ್ಟೂ ನೆಲದ ಮೇಲಿನ ಕ್ಯಾಸಿನೊಗಳಿಗೂ ಒಪ್ಪುವ ಮಾತು. ಹಡಗಿನಲ್ಲಿ ಬೇರೆಯಾಗುವುದು ಕಾನೂನು. ಬಂದರಿನಲ್ಲಿ ನಿಂತ ಹಡಗು ಆ ದೇಶದ ಕಾನೂನಿಗೆ ಒಳಪಟ್ಟಿರುತ್ತದೆ. 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದದ ಪ್ರಕಾರ ದೇಶವೊಂದರ ಪ್ರಾದೇಶಿಕ ಜಲ ಕರಾವಳಿಯಿಂದ 12 ನಾಟಿಕಲ್ ಮೈಲಿಯವರೆಗೆ, ಅಂದರೆ ಸುಮಾರು 22 ಕಿಲೋಮೀಟರ್ ತನಕ ವಿಸ್ತರಿಸಬಹುದು. ಭಾರತ 1976ರ ಕಾಯ್ದೆಯಲ್ಲೇ ಈ 12 ಮೈಲಿಯನ್ನು ಗುರುತಿಸಿಕೊಂಡಿದೆ. ಅದನ್ನು ದಾಟಿದ ಮೇಲೆ ಹಡಗಿನ ಒಳಗಿನ ವ್ಯವಹಾರಕ್ಕೆ ಮುಖ್ಯವಾಗಿ ಅದು ಹಾರಿಸುವ ಬಾವುಟದ ದೇಶದ ಕಾನೂನು ಅನ್ವಯಿಸುತ್ತದೆ. ಆ ಬಾವುಟ ಸಾಮಾನ್ಯವಾಗಿ ಬಹಾಮಾಸ್, ಪನಾಮಾ, ಬರ್ಮುಡಾ ಅಥವಾ ಮಾಲ್ಟಾದ್ದು. ನವ ಮಂಗಳೂರು ಬಂದರಿಗೆ ಚಳಿಗಾಲದಲ್ಲಿ ಬರುವ ವಿದೇಶಿ ಹಡಗುಗಳ ಕ್ಯಾಸಿನೊ ಹಗಲೆಲ್ಲ ಕತ್ತಲಾಗಿದ್ದು, ಸಂಜೆ ಹಡಗು ಪಣಂಬೂರಿನ ಕರೆ ಬಿಟ್ಟು ಸಾಕಷ್ಟು ದೂರ ಹೋದ ಮೇಲೆ ತೆರೆದುಕೊಳ್ಳುವುದು ಇದೇ ಕಾರಣಕ್ಕೆ. ದಿನಕ್ಕೊಂದು ಬಂದರು ಮುಟ್ಟುವ ಪ್ರಯಾಣಕ್ಕಿಂತ ಇಡೀ ದಿನ ಕಡಲಲ್ಲೇ ಕಳೆಯುವ ಪ್ರಯಾಣವನ್ನು ಜೂಜಾಡುವವರು ಹುಡುಕಿ ಬುಕ್ ಮಾಡುತ್ತಾರೆ.

ಈ ಗಡಿರೇಖೆಯ ಹಿಂದೆ ಒಂದು ಕಾಳಗದ ಕಥೆ ಇದೆ. ಅಮೆರಿಕದ ನೀರಿನ ಗಡಿ ಮೂರು ಮೈಲಿ ಇದ್ದ ಕಾಲ ಅದು. ಮದ್ಯ ಕಳ್ಳಸಾಗಣೆಯಲ್ಲಿ ಪಳಗಿದ್ದ ಟೋನಿ ಕಾರ್ನೆರೊ 1938ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾ ತೀರದಿಂದ ಮೂರು ಮೈಲಿಗಿಂತ ಚೂರು ಆಚೆಗೆ 'ರೆಕ್ಸ್' ಎಂಬ ಹಡಗಿಗೆ ಲಂಗರು ಹಾಕಿ ಜೂಜುಕಟ್ಟೆ ತೆರೆದ. ದೋಣಿಗಳು ದಡದಿಂದ ಗಿರಾಕಿಗಳನ್ನು ತುಂಬಿಕೊಂಡು ಹಗಲೂ ರಾತ್ರಿ ಓಡಾಡಿದವು. 1939ರ ಆಗಸ್ಟ್‌ನಲ್ಲಿ ಆ ರಾಜ್ಯದ ಅಟಾರ್ನಿ ಜನರಲ್ ಅರ್ಲ್ ವಾರನ್ ದಾಳಿಗೆ ಆದೇಶಿಸಿದಾಗ ಸುತ್ತಲಿನ ಉಳಿದ ಜೂಜು ಹಡಗುಗಳು ಶರಣಾದವು. ರೆಕ್ಸ್ ಮಾತ್ರ ಹತ್ತಲು ಬಂದ ಅಧಿಕಾರಿಗಳ ಮೇಲೆ ಬೆಂಕಿ ಆರಿಸುವ ಕೊಳವೆಯಿಂದ ನೀರು ಚಿಮ್ಮಿಸುತ್ತ ಒಂದು ವಾರಕ್ಕೂ ಹೆಚ್ಚು ಕಾಲ ಸೆಣಸಿತು. ಕೊನೆಗೆ ನ್ಯಾಯಾಲಯದಲ್ಲಿ ಗೆದ್ದದ್ದು ಭೂಗೋಳದ ವಾದ: ಸಾಂಟಾ ಮೋನಿಕಾ ಒಂದು ಕೊಲ್ಲಿ, ಆದ್ದರಿಂದ ಮೂರು ಮೈಲಿಯನ್ನು ದಡದಿಂದಲ್ಲ, ಕೊಲ್ಲಿಯ ಎರಡು ತುದಿಗಳನ್ನು ಸೇರಿಸುವ ಗೆರೆಯಿಂದ ಅಳೆಯಬೇಕು. ಯುದ್ಧ ಮುಗಿದ ಮೇಲೆ 1946ರಲ್ಲಿ ಆತ ಇನ್ನೊಂದು ಹಡಗು ತಂದಾಗ ಅಮೆರಿಕದ ಸಂಸತ್ತೇ ಎಚ್ಚೆತ್ತು 1948ರಲ್ಲಿ ಜೂಜು ಹಡಗುಗಳ ನಿಷೇಧ ಕಾಯ್ದೆ ತಂದಿತು. ಆ ಕಾಯ್ದೆ ಹಿಡಿಯುವುದು 'ಪ್ರಧಾನವಾಗಿ' ಜೂಜಿಗಾಗಿಯೇ ಇರುವ ಹಡಗನ್ನು. ಈಜುಕೊಳ, ನಾಟಕಶಾಲೆ, ಊಟದ ಹಜಾರಗಳ ನಡುವೆ ಒಂದು ಮೂಲೆಯಲ್ಲಿ ಕ್ಯಾಸಿನೊ ಇಟ್ಟುಕೊಂಡ ಪ್ರವಾಸಿ ಹಡಗು ಈ ಒಂದು ಪದದ ಸಂದಿಯಲ್ಲಿ ನುಸುಳಿ ಪಾರಾಯಿತು. ಹವಾಯಿ ದ್ವೀಪಗಳ ನಡುವೆಯೇ ಸುತ್ತುವ, ಅಮೆರಿಕದ ಬಾವುಟ ಹೊತ್ತ 'ಪ್ರೈಡ್ ಆಫ್ ಅಮೆರಿಕ' ಹಡಗಿನಲ್ಲಿ ಮಾತ್ರ ಇಂದಿಗೂ ಕ್ಯಾಸಿನೊ ಇಲ್ಲ. ಡಿಸ್ನಿ ಹಡಗುಗಳಲ್ಲೂ ಇಲ್ಲ. ಅದು ಮಕ್ಕಳನ್ನು ನಂಬಿಕೊಂಡ ಕಂಪನಿಯ ಸ್ವಂತ ತೀರ್ಮಾನ.

ಹಡಗಿನಲ್ಲಿ ಚಿಪ್ಸ್ ಕೊಳ್ಳುವ ಬಗೆಯೂ ಕೊಂಚ ಬೇರೆ. ಪ್ರಯಾಣಿಕರಿಗೆ ಹತ್ತುವಾಗಲೇ ಒಂದು ಕಾರ್ಡ್ ಕೊಡುತ್ತಾರೆ. ಕೋಣೆಯ ಬೀಗಕ್ಕೂ ಅದೇ, ಕಾಫಿಗೂ ಅದೇ, ಚಿಪ್ಸ್‌ಗೂ ಅದೇ. ನಗದು ಕೊಟ್ಟು ಕೊಂಡರೆ ಹೆಚ್ಚುವರಿ ಏನೂ ಇಲ್ಲ. ಕೋಣೆಯ ಲೆಕ್ಕಕ್ಕೆ ಬರೆಸಿ ಚಿಪ್ಸ್ ಪಡೆದರೆ ಅನೇಕ ಕಂಪನಿಗಳು ಶೇಕಡಾವಾರು ಸೇವಾಶುಲ್ಕ ಹಾಕುತ್ತವೆ. ಶುಲ್ಕ ಶೇ 5 ಇರುವ ಹಡಗಿನಲ್ಲಿ 100 ಡಾಲರ್ ಚಿಪ್ಸ್ ಕೈಗೆ ಬಂದಾಗ ಲೆಕ್ಕದಲ್ಲಿ 105 ಬಿದ್ದಿರುತ್ತದೆ. ಒಂದೂ ಎಲೆ ಹಂಚದೆ ಐದು ಡಾಲರ್ ಸೋತಾಯಿತು. ಹಡಗಿನ ಜೂಜಿನ ಬಗ್ಗೆ ಮೋಸದ ಯಂತ್ರ, ಗುರುತು ಮಾಡಿದ ಎಲೆ ಎಂದೆಲ್ಲ ಅನುಮಾನ ಪಡುವವರು ಈ ಸಣ್ಣ ಅಕ್ಷರದ ಸಾಲನ್ನು ಓದಿರುವುದಿಲ್ಲ. ದೊಡ್ಡ ಕಂಪನಿಗೆ ಎಲೆ ಗುರುತು ಮಾಡುವ ದರ್ದೇ ಇಲ್ಲ. ಮೇಜಿನ ಗಣಿತವೇ ಅದರ ಪರ ಇರುವಾಗ ಮೋಸ ಯಾಕೆ?

ಪೋಕರ್ ವಿಷಯದಲ್ಲಿ ಆ ಗಣಿತ ಬೇರೆ ದಾರಿ ಹಿಡಿಯುತ್ತದೆ. ಹಡಗಿಗೂ ಈ ಆಟಕ್ಕೂ ಹಳೆಯ ನಂಟು. ಜೋಸೆಫ್ ಕೊವೆಲ್ ಎಂಬ ಇಂಗ್ಲಿಷ್ ನಟ 1829ರಲ್ಲಿ ಲೂಯಿವಿಲ್‌ನಿಂದ ನ್ಯೂ ಆರ್ಲಿಯನ್ಸ್‌ಗೆ ಹೋಗುವ ಉಗಿದೋಣಿಯಲ್ಲಿ ಕಂಡ ಪೋಕರ್ ಆಟವನ್ನು 1844ರಲ್ಲಿ ಪ್ರಕಟವಾದ ತನ್ನ ನೆನಪುಗಳಲ್ಲಿ ಬರೆದಿದ್ದಾನೆ. ಆಗ ಆಟಕ್ಕೆ 20 ಎಲೆ ಮಾತ್ರ: ಎಕ್ಕ, ರಾಜ, ರಾಣಿ, ಗುಲಾಮ, ಹತ್ತು. ನಾಲ್ವರಿಗೆ ಐದೈದು ಹಂಚಿದರೆ ಕಟ್ಟು ಖಾಲಿ. ಮಂಜಿನಲ್ಲಿ ದೋಣಿ ಎಲ್ಲೋ ತಗುಲಿ ಜನ ಗಾಬರಿಯಿಂದ ಓಡಿದಾಗ ಒಬ್ಬ ವೃತ್ತಿಪರ ಜೂಜುಗಾರ ಮೇಜು ಬಿಟ್ಟೇಳದೆ ಎಲೆಗಳನ್ನು ತನಗೆ ಬೇಕಾದಂತೆ ಜೋಡಿಸಿಕೊಂಡ. ಆದರೆ ಗಡಿಬಿಡಿಯಲ್ಲಿ ಶ್ರೇಷ್ಠ ಎಲೆಗಳು ಎದುರಾಳಿಯ ಕೈಗೆ ಹೋಗಿ ತಾನೇ ಸೋತ. ಮಿಸಿಸಿಪ್ಪಿಯ ದೋಣಿಗಳಿಂದ ಅಟ್ಲಾಂಟಿಕ್ ದಾಟುವ ದೊಡ್ಡ ಹಡಗುಗಳಿಗೆ ಆಟದ ಜೊತೆ ಆಟಗಾರರೂ ಏರಿದರು. ವೈಟ್ ಸ್ಟಾರ್ ಕಂಪನಿ ತನ್ನ ಪ್ರಯಾಣಿಕರ ಪಟ್ಟಿಯಲ್ಲೇ ವೃತ್ತಿಪರ ಜೂಜುಗಾರರ ಬಗ್ಗೆ ಎಚ್ಚರಿಕೆ ಮುದ್ರಿಸುತ್ತಿತ್ತು. ಟೈಟಾನಿಕ್ ಹಡಗಿನಲ್ಲೂ ಅಂಥವರು ಇದ್ದರು, ಕೆಲವರು ಬದುಕಿಯೂ ಉಳಿದರು.

ಇಂದಿನ ಹಡಗಿನಲ್ಲಿ ಪೋಕರ್ ಎಂದರೆ ಬಹುಪಾಲು 'ಟೆಕ್ಸಾಸ್ ಹೋಲ್ಡೆಮ್'. ಪ್ರತಿಯೊಬ್ಬರಿಗೂ ಎರಡು ಗುಪ್ತ ಎಲೆ. ನಡುವೆ ಮೊದಲು ಮೂರು, ಆಮೇಲೆ ಒಂದು, ಕೊನೆಗೆ ಇನ್ನೊಂದು, ಹೀಗೆ ಎಲ್ಲರಿಗೂ ಸೇರಿದ ಐದು ಬಿಚ್ಚೆಲೆ. ಏಳರಲ್ಲಿ ಶ್ರೇಷ್ಠವಾದ ಐದನ್ನು ಕೂಡಿಸಿದವರಿಗೆ, ಅಥವಾ ಉಳಿದವರೆಲ್ಲ ಎಲೆ ಬಿಟ್ಟು ಹೋಗುವಂತೆ ಪಣ ಏರಿಸಿದವರಿಗೆ, ನಡುವಿನ ರಾಶಿ. ಎರಡು ಎಲೆಗಳ ಜೋಡಿ ಒಟ್ಟು 1,326 ಬಗೆ. ಅದರಲ್ಲಿ ಎಕ್ಕದ ಜೋಡಿ ಆರು. ಅಂದರೆ ಸರಾಸರಿ 221 ಆಟಕ್ಕೊಮ್ಮೆ. ಗಂಟೆಗೆ 25 ಆಟ ನಡೆಯುವ ಮೇಜಿನಲ್ಲಿ ಊಟದ ನಂತರ ಮೂರು ಗಂಟೆ ಕೂತವರು ಅದರ ಮುಖವನ್ನೇ ನೋಡದೆ ಏಳುವುದು ತೀರಾ ಸಾಮಾನ್ಯ. ಸಿನಿಮಾದ ಪೋಕರ್ ನೋಡಿ ಕೂತವರಿಗೆ ಮೊದಲು ಬೇಸರ ತರಿಸುವುದು ಈ ಕಾಯುವಿಕೆ. ಬೇಸರದಿಂದಲೇ ಅವರು ಕೆಟ್ಟ ಎಲೆಗೂ ಚಿಪ್ಸ್ ಹಾಕತೊಡಗುತ್ತಾರೆ.

ಮೇಜಿನ ಮೇಲೆ ಚಿಪ್ಸ್ ಇಡುವುದಕ್ಕೂ ರೀತಿ ರಿವಾಜುಗಳಿವೆ. ಆಟ ನಡೆಯುವಾಗ ಜೇಬಿನಿಂದ ಹಣ ತೆಗೆದು ಸೇರಿಸುವಂತಿಲ್ಲ. ಎದುರಿಗೆ ಇದ್ದಷ್ಟೇ ಪಣ. ಗೆದ್ದದ್ದರಲ್ಲಿ ಒಂದಷ್ಟನ್ನು ಜೇಬಿಗೆ ಇಳಿಸಿಕೊಂಡು ಆಡುವುದನ್ನೂ ಒಪ್ಪುವುದಿಲ್ಲ. ಎದ್ದು ಹೋಗುವಾಗ ಮಾತ್ರ ಎಲ್ಲವನ್ನೂ ಒಯ್ಯಬಹುದು. ದೊಡ್ಡ ಬೆಲೆಯ ಚಿಪ್‌ಗಳು ಚಿಕ್ಕವುಗಳ ಹಿಂದೆ ಅಡಗಿರಕೂಡದು, ಎದುರಾಳಿಗಳಿಗೆ ಕಾಣುವಂತಿರಬೇಕು. ಬಾಯಿಂದ ಹೊರಟ ಮಾತು ಬದ್ಧ: 'ರೈಸ್' ಎಂದ ಮೇಲೆ ಹಿಂದೆ ಸರಿಯುವಂತಿಲ್ಲ. ಹೊಸಬರು ಎಡವುವುದು ಒಂಟಿ ಚಿಪ್ಪಿನ ನಿಯಮದಲ್ಲಿ. ಎದುರಿನವರು 10 ಡಾಲರ್ ಹಾಕಿದ್ದಾರೆ; ಒಬ್ಬರು 25ಕ್ಕೆ ಏರಿಸುವ ಇರಾದೆಯಿಂದ ಮಾತಾಡದೆ ಒಂದು ಹಸಿರು ಬಿಲ್ಲೆ ಮುಂದಿಡುತ್ತಾರೆ. ಡೀಲರ್ ಅದನ್ನು ಬರೀ 10ರ ಸರಿಸಮ ಎಂದೇ ಪರಿಗಣಿಸಿ 15 ವಾಪಸು ಕೊಡುತ್ತಾರೆ. ಏರಿಸಬೇಕಿದ್ದರೆ ಮೊದಲೇ ಬಾಯಿಬಿಟ್ಟು ಹೇಳಬೇಕಿತ್ತು. ಇನ್ನೊಂದು: ಚಿಪ್‌ಗಳನ್ನು ರಾಶಿಯೊಳಗೆ ಎಸೆಯಬಾರದು. ತಮ್ಮ ಮುಂದೆಯೇ ಇಟ್ಟರೆ ಡೀಲರ್ ಎಣಿಸಿ ಎಳೆದುಕೊಳ್ಳುತ್ತಾರೆ.

ಇಷ್ಟೆಲ್ಲ ನಡೆಯುವಾಗ ಹಡಗಿನ ಪಾಲು ಎಲ್ಲಿ? ಬ್ಲ್ಯಾಕ್‌ಜಾಕ್‌ನಲ್ಲೂ ರೂಲೆಟ್‌ನಲ್ಲೂ ಗಿರಾಕಿಯ ಎದುರಾಳಿ ಕ್ಯಾಸಿನೊವೇ. ಪೋಕರಿನಲ್ಲಿ ಆಟಗಾರರು ಪರಸ್ಪರ ಆಡುತ್ತಾರೆ. ಒಬ್ಬರು ಸೋತದ್ದು ಇನ್ನೊಬ್ಬರಿಗೆ. ಮೇಜು, ಡೀಲರ್, ಬೆಳಕು ಒದಗಿಸಿದ್ದಕ್ಕೆ ಕ್ಯಾಸಿನೊ ಪ್ರತಿ ರಾಶಿಯಿಂದ ಒಂದು ಪಾಲು ಮುರಿದುಕೊಳ್ಳುತ್ತದೆ. ಅದಕ್ಕೆ 'ರೇಕ್' ಎನ್ನುತ್ತಾರೆ. ರಾಶಿ ಬೆಳೆದ ಹಾಗೆಲ್ಲ ಡೀಲರ್ ಒಂದೊಂದು ಬಿಳಿ ಬಿಲ್ಲೆಯನ್ನು ತೆಗೆದು ತಮ್ಮ ಬದಿಯ ಸೀಳಿನ ಮೇಲೆ ಇಡುತ್ತಾರೆ, ಆಟ ಮುಗಿದಾಗ ಒಳಕ್ಕೆ ಬೀಳಿಸುತ್ತಾರೆ. ಸಾಮಾನ್ಯ ದರ ರಾಶಿಯ ಶೇ 10, ಅದಕ್ಕೊಂದು ಗರಿಷ್ಠ ಮಿತಿ. ಎಷ್ಟೋ ಕಡೆ ಮೊದಲ ಮೂರು ಬಿಚ್ಚೆಲೆ ಬೀಳುವ ಮುನ್ನವೇ ಆಟ ಮುಗಿದರೆ ರೇಕ್ ಇಲ್ಲ. ಈಗ ಲೆಕ್ಕ ಹಾಕಬಹುದು. ಹತ್ತು ಮಂದಿ ತಲಾ 100 ಡಾಲರ್ ಹಾಕಿ ಕೂತರೆ ಮೇಜಿನಲ್ಲಿ 1,000. ಗಂಟೆಗೆ 25 ಆಟ, ಆಟಕ್ಕೆ ಸರಾಸರಿ 4 ಡಾಲರ್ ರೇಕ್ ಎಂದಿಟ್ಟುಕೊಂಡರೆ ಗಂಟೆಗೆ 100 ಸೀಳಿನೊಳಗೆ ಹೋಯಿತು. ಹೊಸ ಹಣ ಬಾರದಿದ್ದರೆ ಹತ್ತು ಗಂಟೆಯ ಹೊತ್ತಿಗೆ ಮೇಜಿನಲ್ಲಿ ಒಂದು ಬಿಲ್ಲೆಯೂ ಉಳಿಯದು, ಎಲ್ಲರೂ ಸಮಾನ ಜಾಣರಾಗಿ ಆಡಿದರೂ ಸರಿಯೇ. ಪೋಕರಿನಲ್ಲಿ ಗೆಲ್ಲಲು ಎದುರಾಳಿಗಳಿಗಿಂತ ಚೆನ್ನಾಗಿ ಆಡಿದರೆ ಸಾಲದು, ರೇಕ್ ತಿನ್ನುವಷ್ಟನ್ನೂ ಮೀರಿ ಚೆನ್ನಾಗಿ ಆಡಬೇಕು. ಲಾಸ್ ವೇಗಸ್‌ನಲ್ಲಿ ಒಂದು ಕಡೆಯ ರೇಕ್ ಜಾಸ್ತಿಯೆನಿಸಿದರೆ ರಸ್ತೆ ದಾಟಿ ಇನ್ನೊಂದು ಕಡೆ ಕೂರಬಹುದು. ನಡುಕಡಲಲ್ಲಿ ದಾಟುವುದಕ್ಕೆ ರಸ್ತೆಯೇ ಇಲ್ಲ.

ಆದರೂ ಕಂಪನಿಗಳಿಗೆ ಪೋಕರ್ ಅಚ್ಚುಮೆಚ್ಚಲ್ಲ. ಹತ್ತು ಜನರ ದೊಡ್ಡ ಮೇಜು ಹಿಡಿಯುವ ಜಾಗದಲ್ಲಿ ಸಾಲಾಗಿ ಸ್ಲಾಟ್ ಯಂತ್ರಗಳನ್ನು ಇಟ್ಟರೆ ಡೀಲರ್ ಸಂಬಳವೂ ಇಲ್ಲ, ಆದಾಯವೂ ಹೆಚ್ಚು. ಹಡಗಿನಲ್ಲಿ ಚದರಡಿ ಬಲು ದುಬಾರಿ. ಹಾಗಾಗಿ ಎಷ್ಟೋ ದೊಡ್ಡ ಹಡಗುಗಳಲ್ಲೂ ಪೋಕರ್ ಮೇಜು ಒಂದೇ ಒಂದು, ಅದೂ ಸಾಕಷ್ಟು ಜನ ಸೇರಿದ ದಿನ ಮಾತ್ರ. ಇನ್ನು ಕೆಲವದರಲ್ಲಿ ಡೀಲರನ್ನೂ ಚಿಪ್ಸನ್ನೂ ಒಟ್ಟಿಗೆ ತೆಗೆದುಹಾಕಿದ್ದಾರೆ. ಪೋಕರ್‌ಟೆಕ್ ಎಂಬ ಅಮೆರಿಕನ್ ಕಂಪನಿ ತಯಾರಿಸಿದ 'ಪೋಕರ್‌ಪ್ರೊ' ಮೇಜುಗಳು ಕಾರ್ನಿವಲ್ ಹಡಗುಗಳಿಗೆ ಬಂದವು. ಅಲ್ಲಿ ಹತ್ತು ಆಸನ, ಪ್ರತಿ ಆಸನದ ಮುಂದೆ ಒಂದು ಸ್ಪರ್ಶ ಪರದೆ. ತನ್ನ ಎರಡು ಎಲೆ ನೋಡಲು ಆಟಗಾರ ಪರದೆಯ ಮೇಲೆ ಅಂಗೈ ಮರೆಮಾಡಿ ಮುಟ್ಟಬೇಕು. ಚಿಪ್ಸ್ ಬರೀ ಚಿತ್ರ, ರೇಕ್ ಕಣ್ಣಿಗೆ ಬೀಳದೆ ಕಳಚಿಕೊಳ್ಳುತ್ತದೆ. ಎಲೆ ಕಲೆಸುವ, ರಾಶಿ ಎಣಿಸುವ ಹೊತ್ತು ಉಳಿಯುವುದರಿಂದ ಗಂಟೆಗೆ ನಡೆಯುವ ಆಟಗಳೂ ಹೆಚ್ಚು, ಆದ್ದರಿಂದ ರೇಕೂ ಹೆಚ್ಚು. ಲೆಕ್ಕ ತಪ್ಪುವುದಿಲ್ಲ ಎಂಬುದು ಇದರ ಗುಣ. ಎದುರಿನವರು ಬಿಲ್ಲೆಗಳನ್ನು ಬೆರಳಲ್ಲಿ ಆಡಿಸುವ ರೀತಿಯಿಂದ ಮನಸ್ಸು ಓದುವ ಹಳಬರಿಗೆ ಮಾತ್ರ ಇದು ಸಪ್ಪೆ ಆಟ.

ಪೋಕರ್ ಹೆಸರು ಹೊತ್ತ, ಪೋಕರ್ ಅಲ್ಲದ ಆಟಗಳು ಹಡಗಿನಲ್ಲಿ ಬೇಕಾದಷ್ಟಿವೆ. ಹೊಸಬರು ಹೆಚ್ಚು ಗೊಂದಲಕ್ಕೆ ಬೀಳುವುದು ಇಲ್ಲೇ. 'ಕೆರಿಬಿಯನ್ ಸ್ಟಡ್' 1980ರ ದಶಕದ ಕೊನೆಗೆ ಅರೂಬಾ ದ್ವೀಪದಲ್ಲಿ ಹೆಸರಾಗಿ ಹಡಗುಗಳಿಗೆ ಹರಡಿತು. ಇದರಲ್ಲಿ ಗಿರಾಕಿ ಆಡುವುದು ಡೀಲರ್ ಎದುರು. ಪಕ್ಕದವರ ಎಲೆಗೂ ಇವರಿಗೂ ಸಂಬಂಧವಿಲ್ಲ, ಬೆದರಿಸಿ ಗೆಲ್ಲುವ ದಾರಿಯೂ ಇಲ್ಲ. ಮೊದಲ ಪಣದ ಮೇಲೆ ಕ್ಯಾಸಿನೊಗಿರುವ ಲಾಭ ಶೇ 5.2ರಷ್ಟು, ಅದೂ ಸರಿಯಾಗಿ ಆಡಿದರೆ. ಬ್ರಿಟನ್ನಿನ ಡೆರೆಕ್ ವೆಬ್ 1990ರ ದಶಕದಲ್ಲಿ ರೂಪಿಸಿದ 'ತ್ರೀ ಕಾರ್ಡ್ ಪೋಕರ್' ಇನ್ನೂ ಜನಪ್ರಿಯ. ಅಲ್ಲಿ ಆ ಲಾಭ ಸುಮಾರು ಶೇ 3.4. ದೀಪಾವಳಿಗೆ ತೀನ್ ಪತ್ತಿ ಆಡಿ ಅಭ್ಯಾಸವಿದ್ದವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಒಂದೇ ಬಣ್ಣದ ಮೂರೆಲೆಗಿಂತ ಅನುಕ್ರಮದ ಮೂರೆಲೆ ದೊಡ್ಡದೆಂಬ ನಿಯಮ ಎರಡಕ್ಕೂ ಸಮಾನ. ಒಂದು ಕಡೆ ಮಾತ್ರ ಎಚ್ಚರ ಬೇಕು. ತೀನ್ ಪತ್ತಿಯಲ್ಲಿ ಮೂರು ಎಕ್ಕದಂಥ ಒಂದೇ ಮುಖದ ಮೂರೆಲೆಗೆ ಅಗ್ರಸ್ಥಾನ. ತ್ರೀ ಕಾರ್ಡ್ ಪೋಕರ್‌ನಲ್ಲಿ ಒಂದೇ ಬಣ್ಣದ ಅನುಕ್ರಮ ಅದಕ್ಕಿಂತ ಮೇಲೆ. 22,100 ಸಾಧ್ಯತೆಗಳಲ್ಲಿ ಮೊದಲನೆಯದು 52 ಬಗೆ, ಎರಡನೆಯದು 48. ಅಪರೂಪಕ್ಕೆ ಹೆಚ್ಚು ಬೆಲೆ ಎಂಬ ನ್ಯಾಯ ಹಿಡಿದರೆ ಕ್ಯಾಸಿನೊ ಕ್ರಮವೇ ಸರಿ, ನಮ್ಮ ಹಬ್ಬದ ಆಟವೇ ತಪ್ಪು.

ನಿಜವಾದ ಪೋಕರ್ ಬೇಕೆನ್ನುವವರಿಗಾಗಿ ಬೇರೆ ಬಗೆಯ ಪ್ರಯಾಣಗಳಿವೆ. ಮಾಮೂಲಿ ಹಡಗಿನ ಸಭಾಂಗಣವೊಂದನ್ನು ಬಾಡಿಗೆಗೆ ಹಿಡಿದು, ತಮ್ಮದೇ ಡೀಲರ್‌ಗಳನ್ನು ಕರೆತಂದು ಪಂದ್ಯಾವಳಿ ನಡೆಸುವ ಸಂಸ್ಥೆಗಳು 1990ರ ದಶಕದಿಂದ ಬೆಳೆದವು. 2002ರ ಪಾರ್ಟಿಪೋಕರ್ ಮಿಲಿಯನ್ ಪಂದ್ಯ ನಡೆದದ್ದು ಹಡಗಿನ ಮೇಲೆ. ಅದನ್ನು ಗೆದ್ದ ಕ್ಯಾಥಿ ಲೀಬರ್ಟ್ ಪೋಕರ್ ಪಂದ್ಯದಲ್ಲಿ ಹತ್ತು ಲಕ್ಷ ಡಾಲರ್ ಬಹುಮಾನ ಗೆದ್ದ ಮೊದಲ ಮಹಿಳೆ. 2004ರಲ್ಲಿ ಪೋಕರ್‌ಸ್ಟಾರ್ಸ್ ಎಂಬ ಆನ್‌ಲೈನ್ ಪೋಕರ್ ಕಂಪನಿಯ ಕೆರಿಬಿಯನ್ ಪಂದ್ಯಾವಳಿಯ ಮೊದಲ ಆವೃತ್ತಿ 'ವಾಯೇಜರ್ ಆಫ್ ದ ಸೀಸ್' ಹಡಗಿನಲ್ಲಿ ನಡೆದು ಡೆನ್ಮಾರ್ಕ್‌ನ ಗಸ್ ಹಾನ್ಸೆನ್ ಗೆದ್ದರು. ಮರುವರ್ಷವೇ ಅದು ಬಹಾಮಾಸ್‌ನ ಹೋಟೆಲಿಗೆ, ಗಟ್ಟಿ ನೆಲಕ್ಕೆ ಇಳಿಯಿತು.

ಕನ್ನಡಿಗರಿಗೆ ತೇಲುವ ಕ್ಯಾಸಿನೊ ಎಂದರೆ ಕಣ್ಣಿಗೆ ಬರುವುದು ಕೆರಿಬಿಯನ್ ಅಲ್ಲ, ಪಣಜಿ. ಮಾಂಡೋವಿ ನದಿಯಲ್ಲಿ ಲಂಗರು ಹಾಕಿ ನಿಂತ ಹಡಗುಗಳಿಗೆ ವಾರಾಂತ್ಯದಲ್ಲಿ ಬೆಳಗಾವಿ, ಹುಬ್ಬಳ್ಳಿ, ಬೆಂಗಳೂರಿನಿಂದ ಬರುವವರು ಕಡಿಮೆಯಲ್ಲ. ಇವಕ್ಕೂ 12 ಮೈಲಿಗೂ ಸಂಬಂಧವಿಲ್ಲ. ಗೋವಾದ 1976ರ ಜೂಜು ಕಾಯ್ದೆಗೆ 1992ರಲ್ಲಿ ತಂದ ತಿದ್ದುಪಡಿ ಪಂಚತಾರಾ ಹೋಟೆಲುಗಳಲ್ಲಿ ಯಂತ್ರಗಳಿಗೆ ಅವಕಾಶ ಕೊಟ್ಟರೆ, 1996ರದ್ದು ಹಡಗುಗಳ ಮೇಲೆ ಮೇಜಿನ ಆಟಗಳಿಗೂ ಅವಕಾಶ ಕೊಟ್ಟಿತು. ಇಸ್ಪೀಟು ಮೇಜು ನೀರಿನ ಮೇಲಿದ್ದರೆ ಕಾನೂನುಬದ್ಧ, ದಡದಲ್ಲಿದ್ದರೆ ಅಲ್ಲ ಎಂಬ ಈ ಏರ್ಪಾಟು ವಿಚಿತ್ರವೇ. ಅದರ ಮೇಲೆ 2020ರ ಫೆಬ್ರವರಿಯಿಂದ ಗೋವಾದವರಿಗೇ ಒಳಗೆ ಆಡಲು ಪ್ರವೇಶವಿಲ್ಲ. ಇದು ಹೊರಗಿನವರಿಗಾಗಿ ಇಟ್ಟ ಅಂಗಡಿ. ಪ್ರವೇಶದ ಟಿಕೆಟಿನ ಜೊತೆ ಕೊಡುವ ಕೆಲವು ಚಿಪ್‌ಗಳನ್ನು ಒಂದೇ ಸಲ ಆಡಬಹುದು, ನಗದಾಗಿಸುವಂತಿಲ್ಲ. ಗೆದ್ದರೆ ನಗದಾಗುವ ಚಿಪ್ ಬರುತ್ತದೆ, ಕೊಟ್ಟ ಬಿಲ್ಲೆ ಡೀಲರ್ ತಟ್ಟೆಗೆ ಹೋಗುತ್ತದೆ. ಸಾವಿರ ರೂಪಾಯಿಯ ಚಿಪ್ಸ್ ಉಚಿತ ಎಂದು ಲೆಕ್ಕ ಹಾಕಿ ಹೋದವರು ಕೌಂಟರಿನಲ್ಲಿ ವಾದಕ್ಕೆ ನಿಲ್ಲುವುದು ಈ ವ್ಯತ್ಯಾಸ ತಿಳಿಯದೆ.

ಭಾರತದಲ್ಲಿ ಚಿಪ್ಪಿಗೆ ತೆರಿಗೆಯ ಮಹತ್ವವೂ ಬಂದಿದೆ. 2023ರ ಅಕ್ಟೋಬರ್ 1ರಿಂದ ಕ್ಯಾಸಿನೊದಲ್ಲಿ ಜಿಎಸ್‌ಟಿ ಬೀಳುವುದು ಚಿಪ್ಸ್ ಕೊಳ್ಳಲು ಕೊಟ್ಟ ಪೂರ್ತಿ ಹಣದ ಮೇಲೆ. ಪ್ರತಿ ಪಣದ ಮೇಲೆ, ಗೆದ್ದ ಚಿಪ್ಪಿನಿಂದ ಮತ್ತೆ ಆಡಿದ್ದರ ಮೇಲೆ ಇಲ್ಲ. ಆಡದೆ ಉಳಿದ ಚಿಪ್ಸ್ ವಾಪಸು ಕೊಟ್ಟು ಹಣ ಪಡೆದರೂ ತೆರಿಗೆಯ ಲೆಕ್ಕದಿಂದ ಆ ಮೊತ್ತ ಕಳೆಯುವುದಿಲ್ಲ. ಆಗ ದರ ಶೇ 28 ಇತ್ತು. 2025ರ ಸೆಪ್ಟೆಂಬರ್ 22ರಿಂದ ಶೇ 40 ಆಗಿದೆ. ಮೊದಲೇ ಹೆಚ್ಚು ಚಿಪ್ಸ್ ಕೊಂಡು ಉಳಿಸಿ ತರುವುದಕ್ಕಿಂತ ಬೇಕಾದಷ್ಟೇ ಕೊಳ್ಳುವುದು ಲೇಸು ಎಂದಷ್ಟೇ ಇದರ ವ್ಯಾವಹಾರಿಕ ಅರ್ಥ. ಪೋಕರ್ ಜೂಜೋ ಕೌಶಲವೋ ಎಂಬ ಪ್ರಶ್ನೆಗೆ ನಮ್ಮ ನ್ಯಾಯಾಲಯಗಳ ಉತ್ತರ ಒಂದೇ ಇಲ್ಲ. ಕರ್ನಾಟಕ ಹೈಕೋರ್ಟ್ 2013ರಲ್ಲಿ ಅದನ್ನು ಕೌಶಲದ ಆಟವಾಗಿ ಆಡುವುದಾದರೆ ಪರವಾನಗಿ ಬೇಡವೆಂದಿತು. ಗುಜರಾತ್ ಹೈಕೋರ್ಟ್ 2017ರಲ್ಲಿ ಜೂಜೇ ಎಂದಿತು. ಹಣ ಕಟ್ಟಿ ಆನ್‌ಲೈನ್‌ನಲ್ಲಿ ಆಡುವುದಕ್ಕಂತೂ 2025ರ ಕೇಂದ್ರ ಕಾಯ್ದೆ ಬಾಗಿಲು ಹಾಕಿದೆ.

ಸಿಂಗಪುರ ಪ್ರವಾಸದ ಪ್ಯಾಕೇಜಿನಲ್ಲಿ ಎರಡು ಮೂರು ರಾತ್ರಿಯ ಕ್ರೂಸ್ ಸೇರಿಸಿಕೊಂಡವರಿಗೆ ಸಿಗುವುದು ನಿಜವಾದ ಕಡಲ ಕ್ಯಾಸಿನೊ. 2022ರಿಂದ ಅಲ್ಲಿಂದ ಹೊರಡುವ 'ಗೆಂಟಿಂಗ್ ಡ್ರೀಮ್' ಅಂಥದ್ದೊಂದು ಹಡಗು. ಭಾರತದಲ್ಲೇ ಹತ್ತುವುದಾದರೆ 2021ರ ಸೆಪ್ಟೆಂಬರ್‌ನಿಂದ ಮುಂಬೈ, ಗೋವಾ, ಲಕ್ಷದ್ವೀಪದ ಕಡೆ ಓಡಾಡತೊಡಗಿದ ಕಾರ್ಡೆಲಿಯಾ ಕಂಪನಿಯ 'ಎಂಪ್ರೆಸ್' ಇದೆ. 1990ರಲ್ಲಿ ಕಟ್ಟಿದ ಈ ಹಡಗಿನ ಮೊದಲ ಹೆಸರು 'ನಾರ್ಡಿಕ್ ಎಂಪ್ರೆಸ್'.

ಪ್ರಯಾಣದ ಕೊನೆಯ ರಾತ್ರಿ ಹಡಗು ಊರ ಬಂದರಿನ ಗಡಿ ಹೊಕ್ಕುವ ಮುನ್ನ ಮೇಜುಗಳು ನಿಲ್ಲುತ್ತವೆ. ನಗದು ಕೌಂಟರ್ ಇನ್ನೂ ಸ್ವಲ್ಪ ಹೊತ್ತು ತೆರೆದಿರುತ್ತದೆ; ಎಷ್ಟು ಹೊತ್ತೆಂದು ಆ ದಿನದ ಕಾರ್ಯಕ್ರಮ ಪಟ್ಟಿಯಲ್ಲಿ ಬರೆದಿರುತ್ತಾರೆ. ಚಿಪ್ಸ್ ಬದಲಿಸಿಕೊಳ್ಳಲು ಅದೇ ಸಮಯ. ಬೆಳಿಗ್ಗೆ ಇಳಿಯುವ ಸಾಲಿನಲ್ಲಿ ಜೇಬಿನಲ್ಲಿ ಬಿಲ್ಲೆ ಸಿಕ್ಕರೆ ಬಂದರಿನಲ್ಲಿ ಅದನ್ನು ಕೊಳ್ಳುವವರಿಲ್ಲ, ಬ್ಯಾಂಕೂ ಮುಟ್ಟುವುದಿಲ್ಲ. ಒಂದು ಕಂಪನಿಯ ಚಿಪ್ ಇನ್ನೊಂದು ಕಂಪನಿಯ ಹಡಗಿನಲ್ಲಿ ನಡೆಯುವುದಿಲ್ಲ. ಅದೇ ಕಂಪನಿಯ ಬೇರೆ ಹಡಗಿನಲ್ಲಿ ನಡೆಯುತ್ತದೋ ಇಲ್ಲವೋ ಎಂಬುದನ್ನು ಕೇಳಿಯೇ ತಿಳಿಯಬೇಕು. ನಗದಾಗದೆ ಹೊರಗೆ ಉಳಿದ ಚಿಪ್‌ಗಳನ್ನು ಕ್ಯಾಸಿನೊ ತನ್ನ ಪುಸ್ತಕದಲ್ಲಿ ಕೊಡಬೇಕಾದ ಸಾಲವೆಂದೇ ತೋರಿಸುತ್ತದೆ. ಹಡಗು ಮಾರಾಟವಾಗಿ ಹೆಸರು ಬದಲಾದಾಗ, ಅಥವಾ ಕಂಪನಿ ಹೊಸ ವಿನ್ಯಾಸ ತಂದಾಗ, ಹಳೆಯ ಚಿಪ್‌ಗಳನ್ನು ಚಲಾವಣೆಯಿಂದ ತೆಗೆದು ಪುಡಿ ಮಾಡಿಸುತ್ತಾರೆ. ಹೊರಗೆ ಉಳಿದವು ಸಂಗ್ರಹಕಾರರ ಪಾಲಾಗುತ್ತವೆ. ಗುಜರಿಗೆ ಹೋದ ಹಡಗಿನ ಒಂದು ಡಾಲರ್ ಚಿಪ್ಪಿಗೆ ಅವರು ಕೆಲವೊಮ್ಮೆ ಒಂದು ಡಾಲರಿಗಿಂತ ಹೆಚ್ಚು ಕೊಡುತ್ತಾರೆ.